ವಾಚಿನ ನಂಬರ್ ನಂಬಿ ಬೆವರು ಹರಿಸುವ ಮುಂಚೆ

ಹಾರ್ಟ್ ಅಟ್ಯಾಕ್ ಆದವರು, ಸ್ಟೆಂಟ್ ಹಾಕಿಸಿಕೊಂಡವರು, ಬಿಪಿ-ಶುಗರ್ ಎರಡೂ ಇರುವವರು ಏರೋಬಿಕ್ ವ್ಯಾಯಾಮ ಮಾಡಬೇಕು ಅನ್ನುವುದರಲ್ಲಿ ಈಗ ತಕರಾರಿಲ್ಲ. ಆಸ್ಪತ್ರೆಗೆ ಹೋಗಿ ಮಾಡಬೇಕೋ, ಮನೆಯಲ್ಲೇ ಥೆರಪಿಸ್ಟ್ ಜೊತೆ ವಿಡಿಯೋ ಕಾಲ್ ಇಟ್ಟುಕೊಂಡು ಮಾಡಬಹುದೋ ಅನ್ನುವುದೇ ಪ್ರಶ್ನೆ. ಮನೆಯದ್ದನ್ನು ಕಂಡು ಮೂಗು ಮುರಿಯುವವರ ಜೊತೆ ನಾನಿಲ್ಲ. ನ್ಯೂಜಿಲೆಂಡಿನಲ್ಲಿ 162 ಹೃದ್ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, 12 ವಾರ ದೂರದಿಂದಲೇ ತರಬೇತಿ ಪಡೆದವರ ಸಾಮರ್ಥ್ಯ ಕೇಂದ್ರಕ್ಕೆ ಹೋದವರಿಗಿಂತ ಹಿಂದೆ ಬೀಳಲಿಲ್ಲ. ಆದರೆ ಅವರ ಎದೆಗೆ ಸೆನ್ಸರ್ ಇತ್ತು, ಆ ಕಡೆ ತಜ್ಞರು ಕೂತು ನೋಡುತ್ತಿದ್ದರು. ಯೂಟ್ಯೂಬ್ ಹಾಕಿಕೊಂಡು ಕುಣಿಯುವುದು ಈ ಲೆಕ್ಕಕ್ಕೆ ಬರುವುದಿಲ್ಲ.

ಎಡವಟ್ಟು ಶುರುವಾಗುವುದು ಎಷ್ಟು ಜೋರಾಗಿ ಮಾಡಬೇಕು ಅನ್ನುವಲ್ಲಿ. ‘220ರಲ್ಲಿ ವಯಸ್ಸು ಕಳೆಯಿರಿ’ ಅನ್ನುವ ಗರಿಷ್ಠ ನಾಡಿಯ ಸೂತ್ರ ಎಲ್ಲರ ಬಾಯಲ್ಲಿದೆ. 55 ವರ್ಷದವರಿಗೆ 165 ಬಂತು. ಕೂತಾಗಿನ ನಾಡಿ 68 ಅಂದುಕೊಳ್ಳಿ. ಎರಡರ ನಡುವಿನ 97ರಲ್ಲಿ ಶೇ. 40ರಿಂದ 60 ತೆಗೆದು 68ಕ್ಕೆ ಕೂಡಿಸಿದರೆ ವ್ಯಾಯಾಮದ ವೇಳೆಯ ನಾಡಿಯ ಗುರಿ 107ರಿಂದ 126. ಆದರೆ ಇವರು ಮೆಟೊಪ್ರೊಲಾಲ್ ನುಂಗುತ್ತಿದ್ದಾರೆ, ಆ ಮಾತ್ರೆಯ ಕೆಲಸವೇ ನಾಡಿ ಏರದಂತೆ ತಡೆಯುವುದು. ಮಾತ್ರೆ ತೆಗೆದುಕೊಂಡೇ ಟ್ರೆಡ್‌ಮಿಲ್ ಟೆಸ್ಟ್ ಮಾಡಿಸಿದಾಗ ಗರಿಷ್ಠ 128 ಬಂತು ಅನ್ನಿ. ಆಗ ನಿಜವಾದ ಗುರಿ 92ರಿಂದ 104. ಸೂತ್ರ ನಂಬಿ 126 ಮುಟ್ಟಲು ಹೋದರೆ ಅವರು ದಿನಾ ತಮ್ಮ ಮಿತಿಯ ತುದಿಯಲ್ಲೇ ಓಡಿದಂತೆ. ಅದಕ್ಕೇ ಮೊದಲ ಟೆಸ್ಟ್ ಮಾತ್ರ ಆಸ್ಪತ್ರೆಯಲ್ಲೇ ಆಗಬೇಕು, ಮೊದಲ ನಾಲ್ಕಾರು ಸೆಷನ್ ಕೂಡ ಎದುರೆದುರೇ ಆದರೆ ಒಳ್ಳೆಯದು. ಆಮೇಲೆ ಮನೆ.

ಕೈಗೆ ಕಟ್ಟುವ ವಾಚಿನ ಕಥೆ ಬೇರೆ. ಅದು ಚರ್ಮದ ಮೇಲೆ ಬೆಳಕು ಬಿಟ್ಟು ರಕ್ತದ ಮಿಡಿತ ಊಹಿಸುತ್ತದೆ. ಪಟ್ಟಿ ಸಡಿಲವಾಗಿದ್ದರೆ ಎಷ್ಟೋ ಸಲ ಹೆಜ್ಜೆಯ ಲಯವನ್ನೇ ನಾಡಿ ಅಂತ ತೋರಿಸುತ್ತದೆ. ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲೆ ಬಿಗಿಯಾಗಿ ಕಟ್ಟಿ. ಎದೆಪಟ್ಟಿ ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುವುದರಿಂದ ಹೆಚ್ಚು ನಂಬಬಹುದು. ಹೃದಯದ ಲಯವೇ ತಪ್ಪಿದವರಿಗೆ ಇವೆರಡಕ್ಕಿಂತ, ಆಯಾಸಕ್ಕೆ ನಾವೇ ಅಂಕ ಕೊಡುವ ಬೋರ್ಗ್ ಅಳತೆ ವಾಸಿ. 6ರಿಂದ 20ರವರೆಗಿನ ಆ ಪಟ್ಟಿಯಲ್ಲಿ ನಿಮ್ಮ ಆಯಾಸ 11-13ರ ಆಸುಪಾಸು ಇರಲಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು.

ಮನೆಯಲ್ಲಿ ಎಲ್ಲರೂ ನುಂಗಿಹಾಕುವುದು ದೇಹ ತಣಿಸುವ ಕೊನೆಯ ಹತ್ತು ನಿಮಿಷ. ಮುಖ್ಯ ಭಾಗ ಮುಗಿದದ್ದೇ ಕಾಲ್ ಕಟ್, ನೇರ ಬಿಸಿನೀರ ಸ್ನಾನ. ಓಡುವಾಗ ಕಾಲಿನ ರಕ್ತನಾಳ ಹಿಗ್ಗಿರುತ್ತವೆ. ತಟ್ಟನೆ ನಿಂತರೆ ರಕ್ತ ಅಲ್ಲೇ ನಿಂತು ಬಿಪಿ ಕುಸಿಯುತ್ತದೆ, ತಲೆ ಸುತ್ತುತ್ತದೆ. ರಕ್ತನಾಳ ಹಿಗ್ಗಿಸುವ ನೈಟ್ರೇಟ್ ಮಾತ್ರೆ ತಗೊಳ್ಳುವವರಿಗೆ ಇದು ಇನ್ನೂ ಜಾಸ್ತಿ. ನಿಧಾನವಾಗಿ ನಡೆದು, ಕೂತು, ಬಿಪಿ ನೋಡಿಕೊಂಡು ಏಳಿ.

ಇನ್ಸುಲಿನ್ ಅಥವಾ ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ಇದ್ದವರು ಮೊದಲು ಶುಗರ್ ನೋಡಿ. 100ಕ್ಕಿಂತ ಕೆಳಗಿದ್ದರೆ ಏನಾದರೂ ತಿಂದು ಶುರುಮಾಡಿ. ಬಿಪಿ 180/110 ದಾಟಿದ್ದರೆ, ಜ್ವರವಿದ್ದರೆ ಅವತ್ತು ರಜೆ. ನಡುವೆ ಎದೆ ಹಿಡಿದರೆ ನಿಲ್ಲಿಸಿ ಕೂರಿ. ವೈದ್ಯರು ಬರೆದುಕೊಟ್ಟ, ನಾಲಿಗೆಯಡಿ ಇಟ್ಟುಕೊಳ್ಳುವ ಸಾರ್ಬಿಟ್ರೇಟ್ ಮಾತ್ರೆ ಕೈಗೆಟುಕುವಲ್ಲಿರಲಿ. ಐದು ನಿಮಿಷದಲ್ಲಿ ನೋವು ಹೋಗದಿದ್ದರೆ ಆಂಬುಲೆನ್ಸ್.

ಹಾಗಂತ ಆಸ್ಪತ್ರೆಯ ಕೇಂದ್ರವೂ ಸ್ವರ್ಗವಲ್ಲ. ವಾರಕ್ಕೆ ಮೂರು ದಿನ, ಜೊತೆಗೊಬ್ಬರು, ಬಸ್ಸಿನಲ್ಲಿ ಅರ್ಧ ದಿನ. ಹಳ್ಳಿಯಿಂದ ಬರುವ ಕೂಲಿಯವರಿಗೆ ಇದು ಆಗದ ಮಾತು, ಮೂರನೇ ವಾರಕ್ಕೆ ಬಿಟ್ಟರೆ ಅವರನ್ನು ಬೈಯುವ ಹಾಗಿಲ್ಲ. ಇಂಥವರಿಗೇ ಫೋನಿನ ಸೆಷನ್ ಬೇಕಾದದ್ದು.

ಫೋನನ್ನು ಮುಖಕ್ಕಲ್ಲ, ತಲೆಯಿಂದ ಪಾದದವರೆಗೆ ಕಾಣುವಂತೆ ಎರಡು-ಮೂರು ಮೀಟರ್ ದೂರದಲ್ಲಿಡಿ. ಬಾಗಿಲ ಚಿಲಕ ಹಾಕಬೇಡಿ. ಪೂರ್ತಿ ವಿಳಾಸ, ಪಕ್ಕದ ಮನೆಯವರ ನಂಬರ್ ಥೆರಪಿಸ್ಟ್ ಬಳಿ ಇರಲಿ. ಅವರು ಬೇರೆ ರಾಜ್ಯದಲ್ಲಿದ್ದರೆ ಅಲ್ಲಿಂದ ಒತ್ತಿದ 108 ನಿಮ್ಮೂರಿಗೆ ತಾಗುವುದಿಲ್ಲ, ಆಗ ಓಡಿಬರಬೇಕಾದವರು ಆ ಪಕ್ಕದ ಮನೆಯವರೇ.