ಸಾವಿನ ಹಾಸಿಗೆಯ ಪಕ್ಕ ಮಾದಕವಸ್ತು ಕಾಯ್ದೆಗೇನು ಕೆಲಸ?

ಸಾವು ಹತ್ತಿರವಾದ ರೋಗಿ ಕೇಳಿಕೊಂಡರೆ ಜೀವ ಕೊನೆಗೊಳಿಸುವ ಔಷಧವನ್ನು ವೈದ್ಯರು ಬರೆದುಕೊಡಬಹುದೇ? ಅಮೆರಿಕದ ಆರೆಗಾನ್ ರಾಜ್ಯದ ಜನ ಈ ವಿಷಯಕ್ಕೆ ಎರಡು ಸಲ ಮತ ಹಾಕಿದ್ದಾರೆ. 1994ರಲ್ಲಿ ಶೇ 51ರಷ್ಟು ಮಂದಿ ಅದಕ್ಕೆ ಅವಕಾಶ ಕೊಡುವ ಕಾಯ್ದೆ ಬೇಕು ಅಂದರು. 1997ರಲ್ಲಿ ಅದನ್ನು ರದ್ದು ಮಾಡೋಣವೇ ಅಂತ ಕೇಳಿದಾಗ ಶೇ 60ರಷ್ಟು ಮಂದಿ ಕೂಡದು ಅಂದರು. ಇನ್ನು ಆರು ತಿಂಗಳೊಳಗೆ ಸಾವು ಖಚಿತ ಅಂತ ಇಬ್ಬರು ವೈದ್ಯರು ಹೇಳಬೇಕು, ರೋಗಿಯ ಬುದ್ಧಿ ಸ್ಥಿಮಿತದಲ್ಲಿರಬೇಕು, ಬಾಯಲ್ಲೂ ಬರಹದಲ್ಲೂ ಕೇಳಿಕೊಂಡಿರಬೇಕು. ಆಗ ವೈದ್ಯರು ಔಷಧ ಬರೆದುಕೊಡಬಹುದು, ತೆಗೆದುಕೊಳ್ಳುವುದು ರೋಗಿಯೇ. ಬರೆಸಿಕೊಂಡವರಲ್ಲಿ ಸುಮಾರು ಮೂರನೇ ಒಂದು ಭಾಗ ಜನ ಅದನ್ನು ಮುಟ್ಟುವುದೇ ಇಲ್ಲ. ಕೈಯಲ್ಲಿದೆ ಅನ್ನುವ ಧೈರ್ಯವೇ ಅವರಿಗೆ ಸಾಕಾಗುತ್ತದೇನೋ.

ಅದೇ 1997ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಇಂಥ ಸಾವು ಸಂವಿಧಾನ ಕೊಟ್ಟ ಹಕ್ಕಲ್ಲ ಎಂದು ಹೇಳಿ ಚರ್ಚೆಯನ್ನು ರಾಜ್ಯಗಳಿಗೇ ಬಿಟ್ಟಿತ್ತು. ಆದರೆ 2001ರ ನವೆಂಬರ್‌ನಲ್ಲಿ ಕೇಂದ್ರದ ಅಟಾರ್ನಿ ಜನರಲ್, ಅಂದರೆ ನ್ಯಾಯ ಇಲಾಖೆಯ ಮುಖ್ಯಸ್ಥ, ಜಾನ್ ಆ್ಯಶ್‌ಕ್ರಾಫ್ಟ್ ಒಂದು ಆದೇಶ ಹೊರಡಿಸಿದರು: ಇದು ವೈದ್ಯಕೀಯವೇ ಅಲ್ಲ, ಹೀಗೆ ಔಷಧ ಬರೆದ ವೈದ್ಯರಿಗೆ ನಿಯಂತ್ರಿತ ಔಷಧಗಳನ್ನು ಬರೆಯಲು ಇರುವ ನೋಂದಣಿ ಹೋಗುತ್ತದೆ! ಆಧಾರ ಯಾವುದು? 1970ರ ಮಾದಕವಸ್ತು ನಿಯಂತ್ರಣ ಕಾಯ್ದೆ. ಕಳ್ಳಸಾಗಣೆ ಮತ್ತು ಚಟ ತಡೆಯಲು ಮಾಡಿದ ಕಾನೂನು. ಎರಡು ಸಲ ಮತ ಹಾಕಿದ ಒಂದು ರಾಜ್ಯದ ಮಾತನ್ನು ವೈದ್ಯನಲ್ಲದ ಒಬ್ಬ ಅಧಿಕಾರಿಯ ಸಹಿ ಅಳಿಸಿಹಾಕಬಹುದಿತ್ತು. 2006ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ 6-3ರ ಬಹುಮತದಲ್ಲಿ ಆ ಆದೇಶ ಸಲ್ಲದು ಎಂದಿತು. ತೀರ್ಪು ಬರೆದವರು ನ್ಯಾಯಮೂರ್ತಿ ಕೆನಡಿ.

ನಾನು ಆ ತೀರ್ಪಿನ ಪರ. ಹಾಗಂತ ರಾಜ್ಯ ಮಾಡಿದ್ದೆಲ್ಲ ಸರಿ, ಕೇಂದ್ರ ಮಾಡಿದ್ದೆಲ್ಲ ತಪ್ಪು ಅನ್ನುವವನಲ್ಲ. ನಮ್ಮಲ್ಲೇ ನೋಡಿ. ಮಾದಕವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆ ಬಂದ ಮೇಲೆ, ಕಡುನೋವು ತಗ್ಗಿಸುವ ಮಾರ್ಫಿನ್ ಅಂದರೆ ಆಸ್ಪತ್ರೆಗಳೂ ಔಷಧ ಅಂಗಡಿಗಳೂ ಹೆದರತೊಡಗಿದವು. ಒಂದೊಂದು ರಾಜ್ಯಕ್ಕೂ ಒಂದೊಂದು ಲೈಸೆನ್ಸಿನ ಕಟ್ಟಳೆ. ಕ್ಯಾನ್ಸರ್ ರೋಗಿಗಳು ನೋವಲ್ಲೇ ನರಳಿ ಸತ್ತರು. 2014ರಲ್ಲಿ ಸಂಸತ್ತು ತಿದ್ದುಪಡಿ ತಂದು ಇಡೀ ದೇಶಕ್ಕೆ ಒಂದೇ ನಿಯಮ ಮಾಡಿತು. ನಮ್ಮಲ್ಲಿ ಇದನ್ನು ಸರಿಪಡಿಸಲು ಕೇಂದ್ರವೇ ಬೇಕಾಯಿತು. ಪೊಲೀಸ್ ಕಾನೂನು ವೈದ್ಯರ ಚೀಟಿಯೊಳಗೆ ತಲೆಹಾಕಿದರೆ ಮೊದಲು ಸೋಲುವವರು ನೋವಿನಲ್ಲಿರುವವರು. ನನ್ನ ತಕರಾರು ಇರುವುದು ಅದಕ್ಕೆ. ಆ್ಯಶ್‌ಕ್ರಾಫ್ಟ್ ಆದೇಶ ಉಳಿದಿದ್ದರೆ ಸಾವು ಬೇಡದ, ಬರೀ ನೋವು ತಗ್ಗಿಸಿ ಅನ್ನುವ ರೋಗಿಗೂ ಸಾಕಷ್ಟು ಔಷಧ ಬರೆಯಲು ವೈದ್ಯರು ಹಿಂಜರಿಯುತ್ತಿದ್ದರು.

(ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಹೊರಡಿಸಿದ ಘನತೆಯ ಸಾವಿನ ಆದೇಶವನ್ನು ಇದರ ಜತೆ ಬೆರೆಸಬೇಡಿ. ಅದು ಫಲವಿಲ್ಲದ ಚಿಕಿತ್ಸೆಯನ್ನು ನಿಲ್ಲಿಸುವ ಕುರಿತದ್ದು, ಔಷಧ ಕೊಡುವುದಲ್ಲ.)

ಆರೆಗಾನ್ ಗೆದ್ದರೂ ಒಂದು ಅನ್ಯಾಯ ಉಳಿದಿದೆ. 1997ರಲ್ಲಿ ಕ್ಲಿಂಟನ್ ಸಹಿ ಹಾಕಿದ ಕಾನೂನಿನಂತೆ ಕೇಂದ್ರದ ಒಂದು ಡಾಲರ್ ಕೂಡ ಇದಕ್ಕೆ ಬಳಸುವಂತಿಲ್ಲ. ಬಡರೋಗಿಗಳಿಗೆ ಆರೆಗಾನ್ ತನ್ನ ಬೊಕ್ಕಸದಿಂದ ಕೊಡುತ್ತದೆ. ಆದರೆ ಕೇಂದ್ರ ಸರ್ಕಾರದ ಆರೋಗ್ಯ ವಿಮೆಯಾದ ಮೆಡಿಕೇರ್ ಒಂದನ್ನೇ ನಂಬಿದ ವೃದ್ಧರು ಕೈಯಿಂದ ಹಣ ಹಾಕಬೇಕು. ರಾಜ್ಯದ ಮತದಾರರು ಒಪ್ಪಿದ ಮೇಲೂ ಹಣದ ಬಾಗಿಲು ಮುಚ್ಚಿಡುವ ಈ ಕಾನೂನನ್ನು ಅಮೆರಿಕದ ಕಾಂಗ್ರೆಸ್ ತೆಗೆದುಹಾಕಬೇಕು.