ಇಳಿದು ತಳ್ಳತಕ್ಕದ್ದು

ನಮ್ಮ ಮನೆಯಿಂದ ನಾನು ಕೆಲಸ ಮಾಡುವ ಮಿಲಿಟರಿ ಆಸ್ಪತ್ರೆಯ ಗೇಟಿಗೆ 7 ಕಿಲೋಮೀಟರ್. ಸೈಕಲ್ಲಿನಲ್ಲಿ 28 ನಿಮಿಷ. ಗೇಟಿನಿಂದ ನನ್ನ ಔಷಧಿ ಕಿಟಕಿಗೆ 800 ಮೀಟರ್. ಅದಕ್ಕೆ 25 ನಿಮಿಷ.

ಬೆಂಗಳೂರಿನ ಟ್ರಾಫಿಕ್ಕಿಗೆ ಬೈಯುವವರು ಒಮ್ಮೆ ನಮ್ಮ ಗೇಟಿನೊಳಗೆ ಬಂದು ನೋಡಬೇಕು. ಅಲ್ಲಿ ಟ್ರಾಫಿಕ್ಕೇ ಇಲ್ಲ. ರಸ್ತೆಯ ಎರಡೂ ಬದಿ ಸುಣ್ಣ ಬಳಿದ ಕಲ್ಲು. ಮರಗಳಿಗೂ ಸೊಂಟದವರೆಗೆ ಕಾವಿ, ಸುಣ್ಣದ ಪಟ್ಟಿ. ಹುಡುಕಿದರೂ ಒಂದು ಗುಂಡಿ ಸಿಗುವುದಿಲ್ಲ. ಈ ಊರಿನಲ್ಲಿ ನೆಮ್ಮದಿಯಾಗಿ ಸೈಕಲ್ ತುಳಿಯಬಹುದಾದ ರಸ್ತೆ ಅಂತ ಒಂದಿದ್ದರೆ ಇದೇ. ಅದರ ಬಾಯಲ್ಲೇ ಮೂರು ಭಾಷೆಯಲ್ಲಿ ಬೋರ್ಡು: ‘ಸೈಕಲ್ ಸವಾರರು ಇಳಿದು ತಳ್ಳತಕ್ಕದ್ದು.’

ಯಾವ ಆಸ್ಪತ್ರೆ ಅಂತ ಕೇಳಬೇಡಿ. ಮುಂದಿನ ತಿಂಗಳು ನನ್ನ ಪಾಸ್ ರಿನ್ಯೂವಲ್ ಇದೆ.

ನಾನು ಮಿಲಿಟರಿಯವನಲ್ಲ. ಸಿವಿಲಿಯನ್ ಫಾರ್ಮಸಿಸ್ಟ್. ಜಾಲರಿಯ ಕಿಟಕಿ ಹಿಂದೆ ಕೂತು ಸಕ್ಕರೆ ಕಾಯಿಲೆಯ ಮೆಟ್ಫಾರ್ಮಿನ್, ಬಿಪಿಯ ಟೆಲ್ಮಿಸಾರ್ಟಾನ್ ಎಣಿಸಿ ಕೊಡುವುದು ಕೆಲಸ. ಎರಡು ವರ್ಷದ ಹಿಂದೆ ನನ್ನ ಬಿಪಿಯೇ 150/96 ಬಂತು. ನಮ್ಮ ಡಾಕ್ಟರು ಯೂನಿಫಾರ್ಮಿನವರು. ಅವರು ಸಲಹೆ ಕೊಡುವುದಿಲ್ಲ, ಆರ್ಡರ್ ಕೊಡುತ್ತಾರೆ. "ಮಾತ್ರೆ ಆಮೇಲೆ. ನಾಳೆಯಿಂದ ಡ್ಯೂಟಿಗೆ ಸೈಕಲ್ಲಿನಲ್ಲಿ ಬಾ" ಅಂದರು. ಬಂದೆ. ಅಂದರೆ, ಗೇಟಿನವರೆಗೆ ಬಂದೆ.

ಗೇಟಿನಲ್ಲಿ ವಾಹನದ ಪಾಸ್ ಬೇಕು ಅಂದರು. ಫಾರಂ ತೆಗೆದುಕೊಂಡೆ. ಅದರಲ್ಲಿ ಹನ್ನೊಂದು ಕಾಲಂ. ನೋಂದಣಿ ಸಂಖ್ಯೆ. ಇನ್ಶೂರೆನ್ಸ್ ಮುಗಿಯುವ ತಾರೀಕು. ಡ್ರೈವಿಂಗ್ ಲೈಸೆನ್ಸ್. ಎಮಿಷನ್ ಸರ್ಟಿಫಿಕೇಟ್. ಆ ಏರು ಹತ್ತಿ ಬಂದ ಮೇಲೆ ಹೊಗೆ ಬಿಡುತ್ತಿದ್ದದ್ದು ನಾನೊಬ್ಬನೇ, ಟೆಸ್ಟ್ ಮಾಡುವುದಾದರೆ ನನ್ನ ಮೂಗಿಗೇ ಪೈಪು ಇಡಬೇಕಿತ್ತು.

ಕಚೇರಿಯ ಗುಮಾಸ್ತರಿಗೆ ವಿನಯದಿಂದ ಹೇಳಿದೆ, "ಸಾರ್, 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಸೈಕಲ್ ಬರೋದೇ ಇಲ್ಲ. ಬ್ಯಾಟರಿ ಸೈಕಲ್ಲಿಗೂ ಅಷ್ಟೆ, ಮೋಟಾರು 250 ವ್ಯಾಟ್ ಮೀರದಿದ್ದರೆ, ವೇಗ ಗಂಟೆಗೆ 25 ಕಿಲೋಮೀಟರ್ ಒಳಗಿದ್ದರೆ ನಂಬರ್ ಪ್ಲೇಟ್ ಬೇಡ."

"ಹಾಗಾದ್ರೆ ಇದು ವಾಹನ ಅಲ್ಲ ಅಂತೀರಾ?"

"ಅಲ್ಲ ಸಾರ್."

"ವಾಹನ ಅಲ್ಲ ಅಂದ ಮೇಲೆ ವಾಹನದ ಪಾಸ್ ಯಾಕೆ ಕೇಳ್ತಿದ್ದೀರಿ?"

"ಸರಿ, ಪಾಸ್ ಇಲ್ದೆ ಹೋಗಬಹುದಾ?"

"ಪಾಸ್ ಇಲ್ದೆ ಯಾವ ವಾಹನಾನೂ ಒಳಗೆ ಬಿಡಲ್ಲ."

ಇದಾದ ಮೇಲೆ ಎಂಟು ದಿನ ನಾನು ಆಟೋದಲ್ಲಿ ಬಂದೆ. ಒಂಬತ್ತನೇ ದಿನ ಗುಮಾಸ್ತರಿಗೇ ಅಯ್ಯೋ ಅನಿಸಿರಬೇಕು, ಒಂದು ದಾರಿ ಹುಡುಕಿದರು. ಸೈಕಲ್ಲಿನ ಫ್ರೇಮ್ ನಂಬರನ್ನೇ ನೋಂದಣಿ ಸಂಖ್ಯೆ ಅಂತ ಬರೆಯೋಣ ಅಂದರು. ಇಂಧನದ ಕಾಲಂನಲ್ಲಿ ನಾನು ‘ರಾಗಿಮುದ್ದೆ’ ಅಂತ ಬರೆದಿದ್ದೆ. ಅದನ್ನು ಕೆಂಪು ಇಂಕಿನಲ್ಲಿ ಹೊಡೆದು ‘ಇತರೆ’ ಅಂತ ತಿದ್ದಿದರು. ಪಾಸ್ ಬಂತು.

ಪಾಸ್ ಅಂದರೆ ಒಂದು ಹಳದಿ ಸ್ಟಿಕರ್. ಅದರ ಹಿಂದೆ ಅಚ್ಚು ಹಾಕಿದ ಸೂಚನೆ: ಮುಂದಿನ ಗಾಜಿನ ಎಡಮೂಲೆಗೆ ಅಂಟಿಸಬೇಕು. ನನ್ನ ಹತ್ತಿರ ಇರುವ ಗಾಜು ಕನ್ನಡಕದ್ದು ಮಾತ್ರ. ಎರಡು ದಿನ ಯೋಚಿಸಿ ಹ್ಯಾಂಡಲ್ಲಿಗೆ ನೇತು ಹಾಕುವ ಊಟದ ಕ್ಯಾರಿಯರ್ ಮೇಲೆ ಅಂಟಿಸಿದೆ. ಚೆನ್ನಾಗೇ ನಡೆಯಿತು. ಒಂದು ದಿನ ಹೆಂಡತಿ ಕ್ಯಾರಿಯರ್ ತೊಳೆಯಲು ನೆನೆಹಾಕಿ ಬೇರೆ ಡಬ್ಬಿಯಲ್ಲಿ ಚಿತ್ರಾನ್ನ ಕಟ್ಟಿಕೊಟ್ಟಳು. ಅವತ್ತು ನನ್ನನ್ನು ಒಳಗೆ ಬಿಟ್ಟರು, ಚಿತ್ರಾನ್ನವನ್ನೂ ಬಿಟ್ಟರು. ಸೈಕಲ್ ಮಾತ್ರ ಸಂಜೆವರೆಗೂ ಗೇಟಿನ ಹೊರಗೆ ಬಿಸಿಲಲ್ಲಿ ನಿಂತಿತ್ತು.

ಈಗ ದಿನಾ ಬೆಳಗ್ಗೆ ನಡೆಯುವುದು ಇಷ್ಟು. ಗೇಟಿನಲ್ಲಿ ಇಳಿಯುತ್ತೇನೆ. ಫ್ರೇಮ್ ನಂಬರ್ ಇರುವುದು ಪೆಡಲ್ ಅಚ್ಚಿನ ಕೆಳಗೆ. ಅದನ್ನು ರಿಜಿಸ್ಟರಿನ ಜೊತೆ ತಾಳೆ ನೋಡಬೇಕು. ಹಾಗಾಗಿ ಸೈಕಲ್ಲನ್ನು ಅಂಗಾತ ಮಲಗಿಸುತ್ತೇನೆ. ಒಂಬತ್ತು ಅಂಕಿ. ನಡುವಿನ ಎರಡಕ್ಕೆ ತುಕ್ಕು ಹಿಡಿದಿದೆ. ಕಾವಲಿನವರು ಬೆರಳಿಗೆ ಉಗುಳು ಹಚ್ಚಿ ಉಜ್ಜಿ, ಟಾರ್ಚ್ ಬಿಟ್ಟು ಓದುತ್ತಾರೆ. ತುಕ್ಕು ಹಿಡಿದ ಅಂಕಿ ಕೆಲವು ದಿನ ಮೂರು, ಕೆಲವು ದಿನ ಎಂಟು. ನಂಬರ್ ಹೊಂದಿದ ಮೇಲೆ ಸೈಕಲ್ಲನ್ನು ಎತ್ತಿ ನಿಲ್ಲಿಸಬೇಕು. ಆಮೇಲೆ ಉದ್ದ ಕೋಲಿನ ತುದಿಗೆ ಚಕ್ರ ಕಟ್ಟಿದ ಕನ್ನಡಿ ಬರುತ್ತದೆ. ಲಾರಿಗಳ ಹೊಟ್ಟೆ ಕೆಳಗೆ ಬಾಂಬ್ ಇದೆಯಾ ಅಂತ ನೋಡುತ್ತಾರಲ್ಲ, ಅದೇ. ಅದನ್ನು ನನ್ನ ಸೈಕಲ್ಲಿನ ಕೆಳಗೂ ಆ ಕಡೆಯಿಂದ ಈ ಕಡೆಗೆ ಉರುಳಿಸುತ್ತಾರೆ. ಕನ್ನಡಿಯಲ್ಲಿ ಆಕಾಶ ಕಾಣುತ್ತದೆ. ಒಂದೊಂದು ದಿನ ಕಾಗೆಯೂ ಕಾಣುತ್ತದೆ.

ಕಾವಲಿನವರು ಕೆಟ್ಟವರಲ್ಲ. ಬೆಳಗಿನ ಪಾಳಿಯಲ್ಲಿ ಇರುವವರು ಹಾವೇರಿ ಕಡೆಯವರು. ಸೇನೆಯಿಂದ ಪೆನ್ಷನ್ ಬಂದ ಮೇಲೆ ಮತ್ತೆ ಮಿಲಿಟರಿ ಆವರಣಗಳ ಕಾವಲು ದಳವಾದ ಡಿ.ಎಸ್.ಸಿ. ಸೇರಿದವರು. "ಸೈಕಲ್ಲಾಗ ಏನೂ ಇಲ್ಲಂತ ನನಗೂ ಗೊತ್ತೈತ್ರೀ ಸಾಹೇಬ್ರ. ಆದ್ರ ಆರ್ಡರ್ ಆರ್ಡರ್ ಅಲ್ರೀ?" ಅನ್ನುತ್ತಾರೆ. ಇಳಿದು ತಳ್ಳಬೇಕು ಅನ್ನುವುದು ಯಾಕೆ ಅಂತಲೂ ಕೇಳಿದ್ದೇನೆ. ಸೈಕಲ್ಲು ಜೋರಾಗಿ ಹೋದರೆ ರೋಗಿಗಳಿಗೆ ಅಪಾಯವಂತೆ. ಆ ಬೋರ್ಡಿನ ಪಕ್ಕದಲ್ಲೇ ಇನ್ನೊಂದು ಬೋರ್ಡಿದೆ: ವೇಗಮಿತಿ 20. ನನ್ನ ಸೈಕಲ್ ಇಳಿಜಾರು ಬಿಟ್ಟು ಬೇರೆಲ್ಲೂ 15 ದಾಟಿಲ್ಲ. ನಾನು ತಳ್ಳಿಕೊಂಡು ಹೋಗುವಾಗ ಪಕ್ಕದಲ್ಲಿ ಮೂರು ಟನ್ನಿನ ಲಾರಿ ಹೋಗುತ್ತದೆ. ಅದರ ಡ್ರೈವರ್ ನನ್ನನ್ನು ನೋಡಿ ಕನಿಕರದಿಂದ "ಪಂಕ್ಚರ್?" ಅಂತ ಕೇಳುತ್ತಾನೆ. ದಿನಾ ಕೇಳುತ್ತಾನೆ.

ಸೈನ್ಯಕ್ಕೆ ಸೈಕಲ್ ಕಂಡರೆ ಆಗುವುದಿಲ್ಲ ಅಂತ ಹೇಳಲೂ ಬರುವುದಿಲ್ಲ. 1941ರ ಡಿಸೆಂಬರಿನಲ್ಲಿ ಮಲಯಾದಲ್ಲಿ ಇಳಿದ ಜಪಾನಿನ ಸಿಪಾಯಿಗಳು ಸೈಕಲ್ ಹತ್ತಿಕೊಂಡೇ ದಕ್ಷಿಣಕ್ಕೆ ಬಂದರು. 1942ರ ಫೆಬ್ರವರಿ 15ಕ್ಕೆ ಬ್ರಿಟಿಷರ ಸಿಂಗಾಪುರ ಶರಣಾಯಿತು. ಬ್ರಿಟಿಷರು ಬುದ್ಧಿ ಉಪಯೋಗಿಸಿ ದಾರಿಯಲ್ಲಿ ಒಂದು ಗೇಟು ಹಾಕಿ, ಫ್ರೇಮ್ ನಂಬರ್ ಬರೆಸಿ ಅಂತ ರಿಜಿಸ್ಟರ್ ಇಟ್ಟು ಕೂತಿದ್ದರೆ ಸಾಕಿತ್ತು. ಸಿಂಗಾಪುರ ಉಳಿಯುತ್ತಿತ್ತು. ಸ್ವಿಟ್ಜರ್ಲೆಂಡಿನಲ್ಲಿ 1891ರಿಂದ 2003ರವರೆಗೆ ಸೈನ್ಯದಲ್ಲಿ ಸೈಕಲ್ ದಳವೇ ಇತ್ತು.

ಆದರೆ ನಮ್ಮ ಬೋರ್ಡಿಗೆ ಸ್ಫೂರ್ತಿ ವಿಯೆಟ್ನಾಂ ಅಂತ ನನಗೆ ಅನುಮಾನ. 1954ರಲ್ಲಿ ಫ್ರೆಂಚರ ವಿರುದ್ಧದ ದಿಯೆನ್ ಬಿಯೆನ್ ಫು ಯುದ್ಧಕ್ಕೆ ಅವರು ಅಕ್ಕಿ, ಮದ್ದುಗುಂಡು ಎಲ್ಲ ಸಾಗಿಸಿದ್ದರಲ್ಲಿ ಸೈಕಲ್ಲಿನ ಪಾಲು ದೊಡ್ಡದು. ಒಂದೊಂದರ ಮೇಲೆ ಇನ್ನೂರು ಕಿಲೋಗೂ ಜಾಸ್ತಿ ಹೊರೆ. ಹತ್ತಿ ತುಳಿಯಲಿಲ್ಲ. ಹ್ಯಾಂಡಲ್ಲಿಗೆ ಬಿದಿರು ಕಟ್ಟಿ ಇಳಿದೇ ತಳ್ಳಿದರು. ಫ್ರೆಂಚರು ಸೋತರು. ನಾನು ತಳ್ಳುವುದು ಒಂದು ಕ್ಯಾರಿಯರ್ ಮತ್ತು ಒಂದು ಕೊಡೆ. ಯಾರೂ ಸೋತಿಲ್ಲ, ನನ್ನ ಮೊಣಕಾಲು ಬಿಟ್ಟು.

ಸರ್ಕಾರ ಸೈಕಲ್ಲಿಗೆ ಏನೂ ಕೊಟ್ಟಿಲ್ಲ ಅಂದರೆ ತಪ್ಪಾಗುತ್ತದೆ. ಕೇಂದ್ರ ನೌಕರರಿಗೆ ಸೈಕಲ್ ಭತ್ಯೆ ಅಂತ ಒಂದಿದೆ. ಏಳನೇ ವೇತನ ಆಯೋಗ ಇದು ಬೇಡ, ತೆಗೆದುಹಾಕಿ ಅಂದಿತ್ತು. 2017ರಲ್ಲಿ ಸರ್ಕಾರ ದೊಡ್ಡ ಮನಸ್ಸು ಮಾಡಿ ಅಂಚೆಯಣ್ಣಂದಿರಿಗೂ ರೈಲ್ವೆಯ ಟ್ರ್ಯಾಕ್‌ಮನ್‌ಗಳಿಗೂ ಉಳಿಸಿತು. ಉಳಿಸಿದ್ದಷ್ಟೇ ಅಲ್ಲ, ದುಪ್ಪಟ್ಟು ಮಾಡಿತು. ತಿಂಗಳಿಗೆ 90 ರೂಪಾಯಿ ಇದ್ದದ್ದು 180 ಆಯಿತು. ದಿನಕ್ಕೆ ಆರು ರೂಪಾಯಿ. ಎರಡು ಚಕ್ರಕ್ಕೆ ಹಂಚಿದರೆ ತಲಾ ಮೂರು. ಅದೇ ಆಯೋಗದ ಲೆಕ್ಕದಲ್ಲಿ, ಸರ್ಕಾರಿ ಕಾರು ಸಿಗುವ, 14ನೇ ವೇತನ ಹಂತದ ಮತ್ತು ಅದಕ್ಕೂ ಮೇಲಿನ ಸಾಹೇಬರು ನನಗೆ ಕಾರು ಬೇಡ ಅಂದರೆ ತಿಂಗಳಿಗೆ 15,750 ರೂಪಾಯಿ, ಮೇಲೆ ತುಟ್ಟಿಭತ್ಯೆ. ಕಾರು ಬೇಡ ಅನ್ನುವುದಕ್ಕೆ ಅಷ್ಟು! ನಾನೂ ಒಂದು ಅರ್ಜಿ ಬರೆದುಕೊಟ್ಟೆ, ನನಗೂ ಕಾರು ಬೇಡ ಅಂತ. ಇನ್ನೂ ಉತ್ತರ ಬಂದಿಲ್ಲ.

ಗೇಟಿನ ಹೊರಗಿನ ಕಥೆಯೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮಿಲಿಟರಿಯವರ ಮೇಲೆ ಮಾತ್ರ ಚಾಡಿ ಹೇಳಿದ ಹಾಗಾಗುತ್ತದೆ. 2020ರಲ್ಲಿ ಹೊರ ವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್ ಕಡೆಯಿಂದ ಕೆ.ಆರ್. ಪುರದ ಕಡೆಗೆ ಸುಮಾರು 17 ಕಿಲೋಮೀಟರ್ ಸೈಕಲ್ ಪಥ ಮಾಡಲು ಹೊರಟರು. ಬಣ್ಣ ಬಳಿದರು, ಸಾಲಾಗಿ ಗೂಟ ನೆಟ್ಟರು. ಬೈಕಿನವರಿಗೆ ತುಂಬಾ ಅನುಕೂಲವಾಯಿತು. 2021ರಲ್ಲಿ ಸೈಕಲ್ಲಿಗೆ ಬದಲಾಗುವ ಊರುಗಳ ರಾಷ್ಟ್ರೀಯ ಸ್ಪರ್ಧೆಯಲ್ಲಿ ಗೆದ್ದ 11 ನಗರಗಳಲ್ಲಿ ಬೆಂಗಳೂರೂ ಬಂತು, ಒಂದು ಕೋಟಿ ರೂಪಾಯಿ ಬಹುಮಾನ ಘೋಷಣೆಯಾಯಿತು. ಆ ಹೊತ್ತಿಗೆ ಅತ್ತ ಮೆಟ್ರೋ ಕಾಮಗಾರಿ ಬಂದು ಪಥವೇ ಮಾಯವಾಗತೊಡಗಿತ್ತು. ಮಗು ಕಾಣೆಯಾದ ಮೇಲೆ ನಾಮಕರಣಕ್ಕೆ ಉಡುಗೊರೆ ಬಂದ ಹಾಗೆ.

ನಮ್ಮಪ್ಪನ ಕಾಲದ್ದು ಬೇರೆ ಮಾತು. ಎಚ್‌.ಎ.ಎಲ್., ಐ.ಟಿ.ಐ., ಎಚ್.ಎಂ.ಟಿ. ಫ್ಯಾಕ್ಟರಿಗಳ ಸೈರನ್ ಕೂಗಿದರೆ ಸೈಕಲ್ಲುಗಳು ನದಿಯ ಹಾಗೆ ಹೊರಗೆ ಬರುತ್ತಿದ್ದವು. ಆಗ ಬಸ್ಸೇ ಪಕ್ಕಕ್ಕೆ ನಿಲ್ಲಬೇಕಿತ್ತು. ಅವರಲ್ಲಿ ಯಾರೂ ಅದನ್ನು ವ್ಯಾಯಾಮ ಅನ್ನಲಿಲ್ಲ, ಪರಿಸರ ಅನ್ನಲಿಲ್ಲ. ಮನೆಗೆ ಹೋಗುವುದು ಅಂದರು.

ಈಗ ಬರೋಣ ಜೂನ್ 3ಕ್ಕೆ. 2018ರಲ್ಲಿ ವಿಶ್ವಸಂಸ್ಥೆಯವರು ಅದನ್ನು ವಿಶ್ವ ಸೈಕಲ್ ದಿನ ಅಂತ ಮಾಡಿದರು. ನಮ್ಮಲ್ಲೂ ಆಚರಣೆ ಇಟ್ಟರು. ಎರಡು ದಿನ ಮೊದಲೇ ಸುತ್ತೋಲೆ ಬಂತು. ಮುಖ್ಯ ಅತಿಥಿಗಳು ಬರುತ್ತಾರೆ, ಎರಡು ಕಿಲೋಮೀಟರ್ ಜಾಥಾ, ಎಲ್ಲರಿಗೂ ಬಿಳಿ ಟೀ ಶರ್ಟ್, ಕೊನೆಗೆ ಸಮೋಸ, ಫ್ರೂಟಿ.

ಅವತ್ತು ಬೆಳಗ್ಗೆ ನಾನು ಖುಷಿಯಾಗಿಯೇ ಹೋದೆ. ನನ್ನ ದಿನ ಅಲ್ವಾ! ಗೇಟಿನಲ್ಲಿ ಹಾವೇರಿಯವರು ತಲೆ ಕೆರೆದುಕೊಂಡರು. "ಸಾಹೇಬ್ರ, ಇವತ್ತು ಸೈಕಲ್ ಒಳಗ ಬಿಡಂಗಿಲ್ರೀ."

"ಯಾಕ್ರೀ?"

"ಸೈಕಲ್ ಡೇ ಐತ್ರೀ."

ವಿಷಯ ಏನೆಂದರೆ, ಅತಿಥಿಗಳು ಕಾರಿನಲ್ಲಿ ಬರುತ್ತಾರೆ. ಸೈಕಲ್ ದಿನದ ಅತಿಥಿಗಳ ಕಾರು ನಿಲ್ಲಿಸಲು ಜಾಗ ಬೇಕು. ಖಾಲಿ ಸಿಗುವುದು ಸೈಕಲ್ ಸ್ಟ್ಯಾಂಡು. ಅಲ್ಲಿದ್ದ ವಾರ್ಡ್ ಬಾಯ್‌ಗಳ, ಧೋಬಿಯ, ನನ್ನ ಸೈಕಲ್ಲುಗಳಿಗೆ ಅವತ್ತು ಪ್ರವೇಶ ಇಲ್ಲ. ಗೇಟಿನ ಹೊರಗೆ ಕಾಂಪೌಂಡಿಗೆ ಒರಗಿಸಿ ಚೈನ್ ಹಾಕಿ ನಡೆದು ಹೋದೆ.

ಜಾಥಾಕ್ಕೆ ಸೈಕಲ್ಲು ಎಲ್ಲಿಂದ ಅಂತ ಕೇಳುತ್ತೀರಾ? ಅದೇ ಮೂರು ಟನ್ನಿನ ಲಾರಿಯಲ್ಲಿ ಬಂದವು. ನಲವತ್ತು ಹೊಸ ಗೇರ್ ಸೈಕಲ್, ಹ್ಯಾಂಡಲ್ಲಿನ ಪ್ಲಾಸ್ಟಿಕ್ ಕೂಡ ಕಿತ್ತಿರಲಿಲ್ಲ. ಮುಂದೆ ಪೈಲಟ್ ಜಿಪ್ಸಿ, ಹಿಂದೆ ಆಂಬುಲೆನ್ಸ್, ಅದರ ಹಿಂದೆ ಒಂದು ಖಾಲಿ ಬಸ್ಸು, ಸುಸ್ತಾದವರಿಗೆ. ಜಾಥಾ ಹೊರಟಿತು. ಬೋರ್ಡಿನ ಹತ್ತಿರ ಬಂತು. ನಾನು ಉಸಿರು ಹಿಡಿದು ನೋಡಿದೆ. ಯಾರೂ ಇಳಿಯಲಿಲ್ಲ. ಬೋರ್ಡಿನ ಮೇಲೆ ‘ಸೈಕಲ್ ತುಳಿಯಿರಿ, ಆರೋಗ್ಯ ಗಳಿಸಿರಿ’ ಅಂತ ಬ್ಯಾನರ್ ಕಟ್ಟಿಬಿಟ್ಟಿದ್ದರು. ಮೊಳೆ ಹೊಡೆಯಲು ಅಲ್ಲಿ ಬೇರೆ ಕಂಬ ಇರಲಿಲ್ಲವಂತೆ.

ಬ್ಯಾನರ್ ಮಾರನೇ ದಿನ ಬಿಚ್ಚಿದರು. ನಾನು ಮತ್ತೆ ಇಳಿದೆ.

ಮಳೆಗಾಲ ಶುರುವಾಗುವ ಹೊತ್ತಿಗೆ ಮೊಣಕಾಲು ಊದಿತು. ಬಗ್ಗಿ ಬಗ್ಗಿ ಸೈಕಲ್ ಮಗುಚಿ, ಎತ್ತಿ, ದೂಡಿ ಆಗಿದ್ದು ಅಂತ ನನ್ನ ಅಂದಾಜು. ಅದೇ ಡಾಕ್ಟರ ಹತ್ತಿರ ಹೋದೆ. ಒತ್ತಿ ನೋಡಿದರು. ಬಿಪಿಯೂ ನೋಡಿದರು, 146/94. "ಸೈಕಲ್ ತುಳೀತಿದ್ದೀಯೋ ಇಲ್ವೋ?" ಅಂತ ಗದರಿದರು. ಚೀಟಿ ಬರೆದರು: ಫಿಸಿಯೋಥೆರಪಿ, ಸ್ಟ್ಯಾಟಿಕ್ ಸೈಕಲ್, ದಿನಾ 20 ನಿಮಿಷ, ಮೂರು ವಾರ.

ಫಿಸಿಯೋ ಕೋಣೆ ಎರಡನೇ ಮಹಡಿಯಲ್ಲಿ. ಏಸಿ ಇದೆ. ಕಿಟಕಿ ಪಕ್ಕ ಹೊಳೆಯುವ ಒಂದು ಸೈಕಲ್, ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿದ್ದಾರೆ. ಅದಕ್ಕೆ ಸ್ಟಾಕ್ ರಿಜಿಸ್ಟರಿನ ನಂಬರನ್ನು ಬಿಳಿ ಬಣ್ಣದಲ್ಲಿ ಎದುರಿಗೇ ಕಾಣುವ ಹಾಗೆ ಬರೆದಿದ್ದಾರೆ, ಮಗುಚಬೇಕಾಗಿಲ್ಲ. ಹುಡುಗ ಸೀಟು ಒರೆಸಿ, ಟವೆಲ್ ಕೊಟ್ಟು, ಫ್ಯಾನ್ ತಿರುಗಿಸಿ ಇಟ್ಟ. ಹತ್ತಿ ತುಳಿದೆ. ಮೀಟರಿನಲ್ಲಿ ಒಂದು ಕಿಲೋಮೀಟರ್ ಆಯಿತು, ಎರಡಾಯಿತು. ಕಿಟಕಿಯಿಂದ ಗೇಟು ಕಾಣುತ್ತದೆ. ಧೋಬಿ ಬಂದ. ಇಳಿದ. ಸೈಕಲ್ಲನ್ನು ಅಂಗಾತ ಮಲಗಿಸಿದ. ಕನ್ನಡಿ ಬಂತು.

"ಸಾರ್, ಸ್ಪೀಡ್ ನೋಡ್ಕೊಳ್ಳಿ, 22 ತೋರಿಸ್ತಿದೆ" ಅಂದ ಹುಡುಗ. ನಾನು ಅಭ್ಯಾಸಬಲದಿಂದ ಇಳಿಯಲು ಹೊರಟೆ.