ಮಲೆನಾಡಿಗೆ ಮೊದಲು ಬೇಕಿರುವುದು ಗುಡ್ಡದ ಮೇಲೊಂದು ರಿಪೀಟರ್

ಇವತ್ತು ತುಮಕೂರು ರಸ್ತೆಯಲ್ಲಿ ನಡೀತಿರೋ ಎಕ್ಸಿಬಿಷನ್‌ಗೆ ಹೋಗಿ ಬಂದೆ. ತಲೆ ಇನ್ನೂ ಬಿಸಿಯಾಗೇ ಇದೆ. ಒಂದು ಮಳಿಗೆಯಲ್ಲಿ ಟ್ರಂಕ್ಡ್ ರೇಡಿಯೋ ತೋರಿಸುತ್ತಿದ್ದರು. ಪೊಲೀಸ್, ಫೈರ್, ಆಂಬುಲೆನ್ಸ್ ಎಲ್ಲರಿಗೂ ಒಂದೇ ವ್ಯವಸ್ಥೆಯಂತೆ, ಹಳ್ಳಿಗಳಿಗೆ ಹೇಳಿ ಮಾಡಿಸಿದ್ದಂತೆ. ದೊಡ್ಡ ಪರದೆಯ ಮೇಲೆ ಕರ್ನಾಟಕದ ನಕ್ಷೆ, ನಕ್ಷೆಯ ತುಂಬ ಹಸಿರು ಬಣ್ಣ. ಆಗುಂಬೆ ಹಸಿರು. ಕುದುರೆಮುಖ ಹಸಿರು. ಚಾರ್ಮಾಡಿ ಘಾಟಿಯೂ ಹಸಿರು. "ಇಷ್ಟು ಕಡೆ ಸಿಗ್ನಲ್ ಬರಬೇಕಾದ್ರೆ ಎಷ್ಟು ಟವರ್ ಹಾಕ್ತೀರಿ?" ಎಂದು ಕೇಳಿದೆ. ಅಲ್ಲಿದ್ದ ಹುಡುಗ ಬ್ರೋಷರ್ ಕೊಟ್ಟ. ತಿರುವಿ ನೋಡಿದೆ. ಟವರ್ ಬಗ್ಗೆ ಒಂದು ಸಾಲೂ ಇಲ್ಲ.

ನಾನು ಹ್ಯಾಮ್ (ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೋ ಆಪರೇಟರ್) ಅನ್ನೋದು, ಊರು ಕೊಪ್ಪದ ಹತ್ತಿರ ಅನ್ನೋದು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಅದಕ್ಕೇ ಸುಮ್ಮನಿರಲು ಆಗುತ್ತಿಲ್ಲ.

ಟ್ರಂಕಿಂಗ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದು ಒಳ್ಳೆಯ ತಂತ್ರಜ್ಞಾನವೇ. ಹಳೆಯ ಪದ್ಧತಿಯಲ್ಲಿ ಪ್ರತಿ ಇಲಾಖೆಗೂ ಅದರದೇ ಚಾನೆಲ್. ಒಂದು ಚಾನೆಲ್‌ನಲ್ಲಿ ಮಾತಿಗೆ ನೂಕುನುಗ್ಗಲು, ಪಕ್ಕದ್ದು ಖಾಲಿ. ಟ್ರಂಕಿಂಗ್‌ನಲ್ಲಿ ಎಲ್ಲ ಚಾನೆಲ್‌ಗಳನ್ನೂ ಒಟ್ಟಿಗೆ ಇಡುತ್ತಾರೆ. ಬ್ಯಾಂಕಿನಲ್ಲಿ ಟೋಕನ್ ತಗೊಂಡು ಕೂತರೆ ಖಾಲಿಯಾದ ಕೌಂಟರ್‌ಗೆ ಕರೀತಾರಲ್ಲ, ಹಾಗೆ. ನೀವು ಬಟನ್ ಒತ್ತಿದರೆ ಕಂಟ್ರೋಲ್ ಚಾನೆಲ್ ಮೂಲಕ ಕೋರಿಕೆ ಹೋಗುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಖಾಲಿ ಇರುವ ಚಾನೆಲ್ ಸಿಗುತ್ತದೆ. ಟೆಟ್ರಾ ಅನ್ನುವ ಡಿಜಿಟಲ್ ಟ್ರಂಕಿಂಗ್ ಪದ್ಧತಿಯಲ್ಲಂತೂ 25 ಕಿಲೋಹರ್ಟ್ಸ್ ಅಗಲದ ಒಂದೇ ತರಂಗಪಟ್ಟಿಯಲ್ಲಿ ನಾಲ್ಕು ಮಾತುಕತೆ ಹಿಡಿಸುತ್ತಾರೆ. ನಮ್ಮ ಮೆಟ್ರೋದಲ್ಲಿ ಇರುವುದು ಇದೇ ಟೆಟ್ರಾ. ಬೆಂಗಳೂರಿನಂಥ ಊರಿಗೆ ಇದು ಬೇಕೇ ಬೇಕು. ಚಿನ್ನಸ್ವಾಮಿಯಲ್ಲಿ ಮ್ಯಾಚ್ ಇದ್ದ ದಿನ ಕಬ್ಬನ್ ರಸ್ತೆಯಲ್ಲಿ ನಿಂತು ಫೋನ್ ಮಾಡಿ ನೋಡಿ, ಅಷ್ಟು ಜನ ಒಟ್ಟಿಗೆ ಸೇರಿದರೆ ಏನಾಗುತ್ತೆ ಅಂತ ಗೊತ್ತಾಗುತ್ತದೆ.

ಆದರೆ ನೋಡಿ, ಟ್ರಂಕಿಂಗ್ ಇರುವುದು ಕ್ಯೂ ಕರಗಿಸುವುದಕ್ಕೆ. ನಮ್ಮೂರಲ್ಲಿ ಕ್ಯೂ ಎಲ್ಲಿದೆ? ಒಂದು ಹೋಬಳಿಯಲ್ಲಿ ಒಂದೇ ಹೊತ್ತಿಗೆ ರೇಡಿಯೋದಲ್ಲಿ ಮಾತಾಡುವವರು ಎಷ್ಟು ಜನ? ಒಬ್ಬರೋ ಇಬ್ಬರೋ. ಅಲ್ಲಿನ ಕಷ್ಟವೇ ಬೇರೆ. ಆ ಒಬ್ಬರ ದನಿಯೂ ಗುಡ್ಡ ದಾಟುವುದಿಲ್ಲ. ಇಪ್ಪತ್ತು ಚಾನೆಲ್ ಕೊಟ್ಟರೂ ಅಷ್ಟೇ. ಸಿಗ್ನಲ್ ಮುಟ್ಟದ ಕಣಿವೆಯಲ್ಲಿ ಇಪ್ಪತ್ತೂ ಚಾನೆಲ್ ಸತ್ತಿರುತ್ತವೆ.

ಇದನ್ನು ಬರೆಯೋದೋ ಬೇಡವೋ ಅಂತ ಯೋಚಿಸಿದೆ. ಬರೆದೇ ಬಿಡುತ್ತೇನೆ. ಅಪ್ಪನಿಗೆ ಎದೆನೋವು ಬಂದದ್ದು ಮಳೆಗಾಲದ ಒಂದು ರಾತ್ರಿ. ಮರ ಬಿದ್ದು ಕರೆಂಟ್ ಹೋಗಿ ಆಗಲೇ ಕೆಲವು ದಿನ ಆಗಿತ್ತು. ಮೊಬೈಲ್ ಟವರ್‌ನ ಬ್ಯಾಟರಿಯೂ ಮುಗಿದಿತ್ತು. ತಮ್ಮ ಬೈಕ್ ತಗೊಂಡು ಮೇನ್ ರೋಡಿನ ತನಕ ಹೋಗಿ ಸಿಗ್ನಲ್ ಹುಡುಕಿ ಆಂಬುಲೆನ್ಸ್‌ಗೆ ಫೋನ್ ಮಾಡಿದ. ಆಂಬುಲೆನ್ಸ್ ಹೊರಟಿತು. ಕವಲು ದಾರಿಯಲ್ಲಿ ಡ್ರೈವರ್‌ಗೆ ಯಾವ ಕಡೆ ತಿರುಗಬೇಕು ಗೊತ್ತಾಗಲಿಲ್ಲ, ಕೇಳೋಣ ಅಂದರೆ ಫೋನ್ ಇಲ್ಲ. ಆಸ್ಪತ್ರೆಗೆ ಇಂಥ ರೋಗಿ ಬರ್ತಿದ್ದಾರೆ ಅಂತ ಮುಂಚೆಯೇ ಹೇಳಲೂ ಆಗಲಿಲ್ಲ. ಇವರು ಹೋಗಿ ಮುಟ್ಟಿದ ಮೇಲೆ ಡಾಕ್ಟರನ್ನು ಕರೆಸಿದರು. ನಾನು ಇಲ್ಲಿ, ಬೆಂಗಳೂರಿನಲ್ಲಿ, ಟೇಬಲ್ ಮೇಲೆ ರೇಡಿಯೋ ಇಟ್ಟುಕೊಂಡು, ಮನೆಗೆ ಫೋನ್ ಹೋಗದೆ ಕೂತಿದ್ದೆ. ಅಪ್ಪ ಉಳಿದರು. ಆ ರಾತ್ರಿ ದಾರಿಯಲ್ಲಿ ವ್ಯರ್ಥವಾದ ಹೊತ್ತನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಆ ಗಾಡಿಯಲ್ಲಿ ಒಂದು ಸಾದಾ ವೈರ್‌ಲೆಸ್ ಸೆಟ್, ಮೇಲಿನ ಗುಡ್ಡದಲ್ಲಿ ಒಂದು ರಿಪೀಟರ್ (ಸಿಗ್ನಲ್ ಹಿಡಿದು ಜೋರು ಮಾಡಿ ಮತ್ತೆ ದೂರಕ್ಕೆ ಕಳಿಸುವ ಪೆಟ್ಟಿಗೆ) ಇದ್ದಿದ್ದರೆ ಸಾಕಿತ್ತು.

"ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ರೇಡಿಯೋ ಯಾಕೆ?" ಅನ್ನುವವರು ಇದ್ದಾರೆ. ಜುಲೈ ತಿಂಗಳಲ್ಲಿ ಒಮ್ಮೆ ನಮ್ಮ ಕಡೆ ಬಂದು ಹೋಗಿ, ಉತ್ತರ ಸಿಗುತ್ತದೆ. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಗುಡ್ಡ ಕುಸಿದಾಗ ಏನಾಯಿತು? ಕಲ್ಪೆಟ್ಟದ ಕಲೆಕ್ಟರೇಟಿನಲ್ಲಿ ಹ್ಯಾಮ್‌ಗಳು ಸ್ಟೇಷನ್ ಹಾಕಿ ಕೂತರು. ಅದಕ್ಕಿಂತ ಹಿಂದೆ, 2004ರ ಡಿಸೆಂಬರ್‌ನಲ್ಲಿ ಸುನಾಮಿ ಬಂದಾಗ ಅಂಡಮಾನ್‌ನಿಂದ ಸುದ್ದಿ ಹೊರಗೆ ಮುಟ್ಟಿಸಿದವರಲ್ಲಿ ಅಲ್ಲಿಗೆ ಹೋಗಿದ್ದ ಹ್ಯಾಮ್‌ಗಳ ತಂಡವೂ ಇತ್ತು. ಎರಡೂ ಕಡೆ ಕೆಲಸಕ್ಕೆ ಬಂದದ್ದು ಸರಳ ರೇಡಿಯೋ, ಒಂದು ಆಂಟೆನಾ, ಒಂದು ಬ್ಯಾಟರಿ.

ಟ್ರಂಕಿಂಗ್‌ಗೆ ಅಷ್ಟು ಸಾಲದು. ಪ್ರತಿ ಟವರೂ ಕರೆಗಳನ್ನು ಜೋಡಿಸುವ ನಡುವಿನ ಸ್ವಿಚ್‌ಗೆ ಫೈಬರ್‌ನಲ್ಲೋ ಮೈಕ್ರೋವೇವ್‌ನಲ್ಲೋ ಜೋಡಿಕೊಂಡಿರಬೇಕು. ಕೊಂಡಿ ತಪ್ಪಿತೋ, ಆ ಟವರಿನ ಕೆಳಗಿದ್ದವರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳಬೇಕು, ಜಿಲ್ಲಾ ಕೇಂದ್ರಕ್ಕೆ ದನಿ ಹೋಗುವುದಿಲ್ಲ. ನಮ್ಮಲ್ಲಿ ಫೈಬರ್ ಹೋಗುವುದು ರಸ್ತೆ ಪಕ್ಕದಲ್ಲೇ. ಗುಡ್ಡ ಕುಸಿದರೆ ರಸ್ತೆಯ ಜೊತೆಗೆ ಅದೂ ಹೋಗುತ್ತದೆ. ಅಂದರೆ ತೀರಾ ಬೇಕಾದ ದಿನವೇ ವ್ಯವಸ್ಥೆ ಅರ್ಧ ಕುಂಟುತ್ತದೆ. ಫ್ರೀಕ್ವೆನ್ಸಿಯ ಮಾತೂ ಇದೆ. ಟೆಟ್ರಾ ಹೆಚ್ಚಾಗಿ ಓಡುವುದು 400 ಮೆಗಾಹರ್ಟ್ಸ್‌ನ ಆಸುಪಾಸಿನಲ್ಲಿ, ಇನ್ನು ಕೆಲವು ಟ್ರಂಕಿಂಗ್ ವ್ಯವಸ್ಥೆಗಳು 800ರಲ್ಲಿ. ಗುಡ್ಡ, ದಟ್ಟ ಕಾಡು, ಒದ್ದೆ ಎಲೆ ಇರುವ ಕಡೆ 150 ಮೆಗಾಹರ್ಟ್ಸ್ ಸುತ್ತಿನ ವಿಎಚ್‌ಎಫ್ ತರಂಗ ಇವಕ್ಕಿಂತ ಚೆನ್ನಾಗಿ ನುಸುಳುತ್ತದೆ. ಹಳೆಯ ಅನಲಾಗ್ ಸೆಟ್‌ನಲ್ಲಿ ಸಿಗ್ನಲ್ ಕುಂದಿದರೆ ಕರಕರ ಸದ್ದಿನ ನಡುವೆಯೂ "ಬಾಳೆಹೊಳೆ ಸೇತುವೆ, ಇಬ್ಬರು ಗಾಯ" ಅನ್ನೋದು ಕಿವಿಗೆ ಬೀಳುತ್ತದೆ. ಡಿಜಿಟಲ್ ಒಂದು ಹಂತದ ತನಕ ಸ್ಫಟಿಕದಷ್ಟು ಸ್ಪಷ್ಟ, ಆಮೇಲೆ ಒಮ್ಮೆಲೇ ಮೌನ.

ನಾರ್ವೆಯನ್ನು ತೋರಿಸುತ್ತಾರೆ. ಅದೂ ಗುಡ್ಡದ ದೇಶ, ಅಲ್ಲಿ ಪೊಲೀಸ್, ಫೈರ್, ಆಂಬುಲೆನ್ಸ್ ಎಲ್ಲ ಒಂದೇ ಟೆಟ್ರಾ ಜಾಲದಲ್ಲಿವೆ ಎನ್ನುತ್ತಾರೆ. ನಿಜ. ನೋಡ್‌ನೆಟ್ ಅಂತ ಅದರ ಹೆಸರು, 2015ರಲ್ಲಿ ಪೂರ್ತಿಯಾಯಿತು. ಆದರೆ ಅದಕ್ಕಾಗಿ ಅವರು ಹಾಕಿದ್ದು 2,000ಕ್ಕೂ ಹೆಚ್ಚು ಬೇಸ್ ಸ್ಟೇಷನ್. ಅಲ್ಲಿ ಗೆದ್ದದ್ದು ಗುಡ್ಡಗುಡ್ಡಕ್ಕೂ ನೆಟ್ಟ ಆ ಟವರುಗಳು. ನಮ್ಮವರು ಆ ಲೆಕ್ಕ ಬಿಟ್ಟು ಸ್ವಿಚ್ಚು, ಸಾಫ್ಟ್‌ವೇರು, ಜಿಲ್ಲಾ ಕೇಂದ್ರದಲ್ಲಿ ಹೊಳೆಯುವ ಕಂಟ್ರೋಲ್ ರೂಮಿಗೆ ದುಡ್ಡು ಸುರಿಯುತ್ತಾರೆ ಅನ್ನೋದೇ ನನ್ನ ಭಯ. ಉದ್ಘಾಟನೆಯ ಫೋಟೋ ಚೆನ್ನಾಗಿ ಬರುತ್ತದೆ. ಕಣಿವೆಯಲ್ಲಿ ಡ್ರೈವರ್ ಮತ್ತೆ ಮೊಬೈಲ್ ಎತ್ತಿ ಹಿಡಿದು ಸಿಗ್ನಲ್ ಹುಡುಕುತ್ತಾನೆ.

ಟ್ರಂಕಿಂಗ್ ಇದ್ದರೆ ಎಲ್ಲ ಇಲಾಖೆಗಳೂ ಒಬ್ಬರಿಗೊಬ್ಬರು ಮಾತಾಡಬಹುದು ಅನ್ನುವುದು ಇನ್ನೊಂದು ವಾದ. ಇದರಲ್ಲಿ ಹುರುಳಿದೆ, ಒಪ್ಪುತ್ತೇನೆ. ಪೊಲೀಸರದ್ದು ಒಂದು ವೈರ್‌ಲೆಸ್, ಅರಣ್ಯ ಇಲಾಖೆಯದ್ದು ಇನ್ನೊಂದು. ಒಂದೇ ಅಪಘಾತದ ಜಾಗದಲ್ಲಿ ಪಕ್ಕಪಕ್ಕ ನಿಂತರೂ ಇವರ ಸೆಟ್ ಅವರಿಗೆ ಕೇಳುವುದಿಲ್ಲ. ಆದರೆ ಇದಕ್ಕೆ ಟ್ರಂಕಿಂಗೇ ಆಗಬೇಕಾ? ಪೊಲೀಸರ ಗುಟ್ಟಿನ ಮಾತು ಅವರ ಚಾನೆಲ್‌ನಲ್ಲೇ ಇರಲಿ. ಎಲ್ಲರ ಸೆಟ್‌ನಲ್ಲೂ ಒಂದು ಸಾಮಾನ್ಯ ತುರ್ತು ಚಾನೆಲ್ ಹಾಕಿಕೊಟ್ಟರೆ ಆಯಿತು. ಅದು ತಡವಾಗುತ್ತಿರುವುದು ಇಲಾಖೆಗಳು ಒಂದೇ ಮೇಜಿಗೆ ಬರುವುದಿಲ್ಲ ಅನ್ನುವ ಕಾರಣಕ್ಕೆ. ಆ ಜಗಳ ಬಗೆಹರಿಯದಿದ್ದರೆ ಟ್ರಂಕಿಂಗ್ ಬಂದ ಮೇಲೂ ಪ್ರತಿಯೊಬ್ಬರೂ ತಮ್ಮ ಗುಂಪಿಗೆ ಬೀಗ ಹಾಕಿಕೊಂಡು ಕೂರುತ್ತಾರೆ.

ನಾನು ಕೇಳುತ್ತಿರುವುದು ಜಾಸ್ತಿ ಏನಲ್ಲ. ಮಲೆನಾಡು, ಕೊಡಗಿನ ಪ್ರತಿ ತಾಲೂಕಿಗೂ ಒಳ್ಳೆಯ ಗುಡ್ಡ ಆರಿಸಿ ವಿಎಚ್‌ಎಫ್ ರಿಪೀಟರ್ ಹಾಕಿ. ಒಂದು ಗುಡ್ಡ ಸಾಲದಿದ್ದರೆ ಎರಡು. ಸಿಡಿಲಿಗೆ ಅರ್ತಿಂಗ್ ಸರಿಯಾಗಿ ಮಾಡಿ. ಸೋಲಾರ್ ಇರಲಿ, ಆದರೆ ಆಷಾಢದಲ್ಲಿ ನಮ್ಮಲ್ಲಿ ಬಿಸಿಲೇ ಬೀಳುವುದಿಲ್ಲ, ಹಾಗಾಗಿ ಒಂದು ವಾರ ಬಿಸಿಲಿಲ್ಲದಿದ್ದರೂ ತಡೆಯುವಷ್ಟು ಬ್ಯಾಟರಿ ಇಡಿ. ಆಂಬುಲೆನ್ಸ್, ಫೈರ್ ಗಾಡಿ, ತಾಲೂಕು ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರ, ರೇಂಜ್ ಆಫೀಸು, ತಹಶೀಲ್ದಾರ್ ಕಚೇರಿ, ಇಷ್ಟು ಕಡೆ ಸೆಟ್ ಕೊಡಿ. ಬಳಸುವುದನ್ನು ಕಲಿಸಿ. ಮುಂದೆ ಟ್ರಂಕಿಂಗ್‌ಗೆ ಏರಿಸಬಹುದಾದ ರಿಪೀಟರ್‌ಗಳೂ ಸಿಗುತ್ತವೆ, ಅವನ್ನೇ ಕೊಳ್ಳಿ. ಮಾತಾಡುವವರು ಹೆಚ್ಚಾಗಿ ನಿಜವಾಗಿಯೂ ಕ್ಯೂ ಬೆಳೆದ ದಿನ ಟ್ರಂಕಿಂಗ್ ತನ್ನಿ, ನಾನೇ ಬಂದು ಚಪ್ಪಾಳೆ ಹೊಡೆಯುತ್ತೇನೆ.

ಈ ವಿಷಯ ನಮ್ಮ ಶಾಸಕರಿಗೂ ಜಿಲ್ಲಾಧಿಕಾರಿಗಳಿಗೂ ಪತ್ರ ಬರೆಯುತ್ತಿದ್ದೇನೆ. ಕೊಪ್ಪ, ಶೃಂಗೇರಿ, ಮೂಡಿಗೆರೆ, ತೀರ್ಥಹಳ್ಳಿ, ಹೊಸನಗರ ಕಡೆಯ ಗೆಳೆಯರೇ, ನಿಮ್ಮೂರಲ್ಲಿ ಮಳೆಗಾಲದಲ್ಲಿ ಯಾವ ರಸ್ತೆಯ ಯಾವ ತಿರುವಿನಿಂದ ಸಿಗ್ನಲ್ ಸಾಯುತ್ತದೆ, ಯಾವ ಗುಡ್ಡದ ಮೇಲೆ ನಿಂತರೆ ತಾಲೂಕು ಆಸ್ಪತ್ರೆ ಕಾಣುತ್ತದೆ ಅಂತ ಬರೆದು ತಿಳಿಸಿ. ಅದನ್ನೆಲ್ಲ ನಕ್ಷೆಯಲ್ಲಿ ಗುರುತು ಹಾಕಿ ಪತ್ರದ ಜೊತೆ ಕಳಿಸುತ್ತೇನೆ.